ಸೀಮೆಸುಣ್ಣದ ಗುಡ್ಡದ ಮೇಲೊಂದು ಕೊಳ

ಇಂಗ್ಲೆಂಡಿನ ಸೌತ್ ಡೌನ್ಸ್ ಗುಡ್ಡಗಳಲ್ಲಿ ನಡೆಯಬೇಕೆಂದರೆ ಬ್ರೈಟನ್‌ನಿಂದ ಹೊರಡುವುದೇ ಸುಲಭ. ವಾರಾಂತ್ಯದಲ್ಲಿ ಡಿಚ್ಲಿಂಗ್ ಬೀಕನ್ ತುದಿವರೆಗೂ ಬಸ್ ಹೋಗುತ್ತದೆ. ಎತ್ತರ 248 ಮೀಟರ್ ಅಷ್ಟೇ, ಆದರೆ ಗಾಳಿ ಜೋರು. ಒಂದು ಕಡೆ ಕೆಳಗೆ ಹೊಲ, ಹಳ್ಳಿ. ಇನ್ನೊಂದು ಕಡೆ ದೂರದಲ್ಲಿ ಸಮುದ್ರ.

ಅಲ್ಲಿಂದ ಪಶ್ಚಿಮಕ್ಕೆ ಸೌತ್ ಡೌನ್ಸ್ ವೇ ಹಿಡಿದು ಹೊರಟೆವು. ವಿಂಚೆಸ್ಟರ್‌ನಿಂದ ಈಸ್ಟ್‌ಬೋರ್ನ್‌ವರೆಗೆ ಸುಮಾರು 160 ಕಿಲೋಮೀಟರ್ ಸಾಗುವ ದಾರಿಯಿದು. ನಾವು ನಡೆದದ್ದು ಅದರಲ್ಲಿ 3 ಕಿಲೋಮೀಟರ್‌ನಷ್ಟು.

ದಾರಿ ಪಕ್ಕದಲ್ಲೇ ಒಂದು ದುಂಡಗಿನ ಹಳೆಯ ಕೊಳ ಸಿಕ್ಕಿತು. ಗುಡ್ಡದ ನೆತ್ತಿಯಲ್ಲಿ ನೀರು ಹೇಗೆ ನಿಂತಿದೆ? ಈ ಗುಡ್ಡ ಪೂರ್ತಿ ಸೀಮೆಸುಣ್ಣದ ಕಲ್ಲು. ಬಿದ್ದ ಮಳೆಯನ್ನೆಲ್ಲ ಹೀರಿಕೊಂಡುಬಿಡುತ್ತದೆ. ಅದಕ್ಕೇ ಕುರಿಗಳಿಗಾಗಿ ಗುಂಡಿ ತೋಡಿ, ಜೇಡಿಮಣ್ಣು ಹರಡಿ, ಚೆನ್ನಾಗಿ ತುಳಿಸಿ ನೀರು ಇಂಗದ ಹಾಗೆ ಮಾಡಿದ್ದಾರೆ. ಇಂಥ ಕೊಳ ಇಬ್ಬನಿಯಿಂದಲೇ ತುಂಬುತ್ತದೆ ಅಂತ ಹಿಂದೆ ನಂಬಿದ್ದರಂತೆ. ನಿಜವಾಗಿ ತುಂಬಿಸುವುದು ಮಳೆ. ಅಂಚಿನ ಕೆಸರಿನಲ್ಲಿ ಗೊರಸಿನ ಗುರುತುಗಳಿದ್ದವು. ಒಂದೊಂದರಲ್ಲೂ ಹಾಲು ಬೆರೆಸಿದಂಥ ಬೆಳ್ಳಗಿನ ನೀರು.

ಆದರೆ ನನಗೆ ಜಾಸ್ತಿ ಹಿಡಿಸಿದ್ದು ಹುಲ್ಲುಗಾವಲು. ದೂರದಿಂದ ಬರೀ ಹಸಿರು. ಮಂಡಿಯೂರಿ ಕೂತು ನೋಡಬೇಕು! ಗಿಡ್ಡ ಹುಲ್ಲಿನ ನಡುವೆ ನೇರಳೆ ಬಣ್ಣದ ಥೈಮ್ ಹೂಗಳು ನೆಲಕ್ಕೇ ಅಂಟಿಕೊಂಡಿದ್ದವು. ಎಲೆ ಹೊಸಕಿದರೆ ಬೆರಳೆಲ್ಲ ಘಮ. ಇಂಥ ನೆಲದ ಒಂದು ಚದರ ಮೀಟರ್‌ನಲ್ಲಿ 40 ಬಗೆಯ ಗಿಡಗಳವರೆಗೂ ಇರಬಹುದು. ಇದು ಕುರಿಗಳು ಶತಮಾನಗಳಿಂದ ಮೇಯ್ದು ಉಳಿಸಿದ ತೋಟ. ಮೇಯುವುದು ನಿಂತರೆ ಉದ್ದ ಹುಲ್ಲು, ಆಮೇಲೆ ಮುಳ್ಳುಪೊದೆ ಬೆಳೆದು ಈ ಪುಟ್ಟ ಹೂಗಳಿಗೆ ಬಿಸಿಲೇ ಸಿಗುವುದಿಲ್ಲ. ಎಷ್ಟೋ ಕಡೆ ಉತ್ತು ಹೊಲ ಮಾಡಿದ್ದಾರೆ. ಉಳಿದಿರುವುದನ್ನಾದರೂ ಹೀಗೇ ಕಾಪಾಡಬೇಕು ಅಲ್ವಾ?

ಜಮೀನು ಖಾಸಗಿಯದಾದರೂ ಗುರುತು ಮಾಡಿದ ದಾರಿಯಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ. ಹಳದಿ ಬಾಣ ಕಂಡರೆ ಕಾಲ್ನಡಿಗೆಗೆ ಮಾತ್ರ. ನೀಲಿ ಬಾಣವಿದ್ದರೆ ಕುದುರೆ, ಸೈಕಲ್‌ಗೂ ಸೈ. ಗೇಟು ತೆಗೆದವರು ಮರೆಯದೆ ಮುಚ್ಚಬೇಕು, ನಾಯಿಯಿದ್ದರೆ ಹಗ್ಗದಲ್ಲಿ ಹಿಡಿದಿರಬೇಕು.

ಕೊನೆಗೆ ಕ್ಲೇಟನ್‌ನ ಜ್ಯಾಕ್ ಮತ್ತು ಜಿಲ್ ಗಾಳಿಗಿರಣಿಗಳು. ಬಿಳಿ ಮರದ ಜಿಲ್ ಅನ್ನು 1821ರಲ್ಲಿ ಬ್ರೈಟನ್‌ನಲ್ಲಿ ಕಟ್ಟಿದ್ದರು. 1852ರಲ್ಲಿ ಎತ್ತುಗಳಿಂದ ಎಳೆಸಿ ಇಲ್ಲಿಗೆ ತಂದರಂತೆ. ಬೇಸಿಗೆಯ ಭಾನುವಾರ ಮಧ್ಯಾಹ್ನ ಹೋದರೆ ಒಳಗೂ ನೋಡಬಹುದು. ಅಲ್ಲಿಂದ ಇಳಿದು ನಡೆದರೆ ಹ್ಯಾಸಕ್ಸ್ ಸ್ಟೇಷನ್, ಬ್ರೈಟನ್‌ಗೆ ವಾಪಸ್ ರೈಲು ಅಲ್ಲೇ ಸಿಗುತ್ತದೆ.