ರಾಣಿಯನ್ನು ತೆಗೆದ ಮೇಲಿನ ಕೆಲವು ನಿಮಿಷಗಳು

ನಾವು ನೋಡುತ್ತಿದ್ದ ಕಣಜದ ಗೂಡಿನಲ್ಲಿ ನೀಲಿ-ಹಳದಿ ಗುರುತಿನ ಕೆಲಸಗಾರ್ತಿಯೇ ಮುಂದಿನ ರಾಣಿ ಎಂದು ಲ್ಯಾಬ್ ಸಭೆಯಲ್ಲಿ ಎಲ್ಲರೆದುರು ಹೇಳಿದ್ದೆ. ಗೂಡಿನಲ್ಲಿ ಅತಿ ಹೆಚ್ಚು ಕುಕ್ಕುವವಳು, ಅಟ್ಟುವವಳು ಅವಳೇ. ರ‍್ಯಾಂಕ್ ಪಟ್ಟಿಯಲ್ಲೂ ಅವಳೇ ಮೊದಲು. ಆದ್ದರಿಂದ ರಾಣಿಯನ್ನು ತೆಗೆಯುವ ದಿನ ಸ್ಕ್ಯಾನ್, ಅಂದರೆ ಇಡೀ ಗೂಡಿನ ಮೇಲೆ ಕಣ್ಣಾಡಿಸಿ ಬರೆದುಕೊಳ್ಳುವುದನ್ನು, ಕೈಬಿಟ್ಟು ಅವಳೊಬ್ಬಳ ಫೋಕಲ್, ಅಂದರೆ ಒಬ್ಬಳನ್ನೇ ಬಿಡದೆ ನೋಡುವುದು, ಸಾಕು ಎಂದೆ. ಕ್ಯಾಮೆರಾವನ್ನೂ ಅವಳತ್ತಲೇ ತಿರುಗಿಸಿದೆವು.

ರೋಪಲಿಡಿಯಾ ಮಾರ್ಜಿನೇಟಾ ಕಣಜದ ರಾಣಿ ಬಲು ಸಾಧು. ಯಾರ ಮೇಲಾದರೂ ಏರಿ ಹೋಗುವುದು ಅಪರೂಪ; ಹೊಟ್ಟೆಯ ತುದಿಯನ್ನು ಗೂಡಿಗೆ ಉಜ್ಜಿ, ತಾನಿದ್ದೇನೆ ಎಂಬ ವಾಸನೆಯನ್ನು ಬಿಟ್ಟುಹೋಗುತ್ತಾಳೆ. ಅವಳನ್ನು ತೆಗೆದ ಮೇಲೂ ಗೂಡು ಮೊದಲಿಗೆ ಶಾಂತವಾಗಿಯೇ ಇತ್ತು. ನೀಲಿ-ಹಳದಿಯವಳು ಕುಡಿಮೀಸೆ ಸವರಿಕೊಳ್ಳುತ್ತ ಕುಳಿತಿದ್ದಳು. ಈಗ ಏಳುತ್ತಾಳೆ, ಈಗ ಏಳುತ್ತಾಳೆ ಎಂದು ನಾನು ಪೆನ್ಸಿಲ್ ಬಿಗಿಹಿಡಿದು ಕಾದೆ. ಏಳಲಿಲ್ಲ. ಅಷ್ಟರಲ್ಲಿ ಗೂಡಿನ ಆಚೆ ಅಂಚಿನಲ್ಲಿ ಗಲಿಬಿಲಿ. ಪಟ್ಟಿಯಲ್ಲಿ ಎಲ್ಲೋ ಕೆಳಗಿದ್ದ ಕೆಂಪು ಚುಕ್ಕೆಯವಳು ಕಂಡಕಂಡವರನ್ನೆಲ್ಲ ಅಟ್ಟಿಸಿ ಕಚ್ಚುತ್ತಿದ್ದಳು. ನೀಲಿ-ಹಳದಿಯವಳ ಬಳಿಗೂ ಬಂದಳು. ಅವಳು ಎದುರಾಡದೆ ಸರಿದು ದಾರಿ ಬಿಟ್ಟಳು.

“ಪಿ.ಕ್ಯೂ. ಅವಳೇ. ಯಾವಾಗ ಶುರುವಾಯಿತು?” ಎಂದು ಸಹೋದ್ಯೋಗಿ ಕೇಳಿದರು. ಪಿ.ಕ್ಯೂ. ಎಂದರೆ ಪೊಟೆನ್ಷಿಯಲ್ ಕ್ವೀನ್, ರಾಣಿಯಾಗಲಿರುವವಳು. ಉತ್ತರ ಹಾಳೆಯಲ್ಲಿ ಇರಲಿಲ್ಲ, ಕ್ಯಾಮೆರಾದಲ್ಲೂ ಇರಲಿಲ್ಲ. ನಮಗೆ ಬೇಕಾಗಿದ್ದ ನಿಮಿಷಗಳು ಅವೇ ಆಗಿದ್ದವು.

ಈ ಕಣಜದ ಸ್ವಭಾವವೇ ಹೀಗೆ. ಕೀಟಗಳ ವರ್ತನೆಯ ವಿಜ್ಞಾನಿ ರಾಘವೇಂದ್ರ ಗದಗ್ಕರ್ ಬೆಂಗಳೂರಿನಲ್ಲಿ ದಶಕಗಟ್ಟಲೆ ಇದರ ಗೂಡುಗಳನ್ನು ನೋಡಿ ತೋರಿಸಿಕೊಟ್ಟದ್ದು ಇದನ್ನೇ: ರಾಣಿ ಇರುವವರೆಗೆ ಉತ್ತರಾಧಿಕಾರಿಣಿ ಯಾರೆಂದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಜೋರು ಮಾಡುವವಳೇ ರಾಣಿಯಾಗಬೇಕೆಂದಿಲ್ಲ. ಕಣಜಗಳಿಗೆ ಮಾತ್ರ ಸರದಿ ಗೊತ್ತಿರುವಂತಿದೆ. ಅವರ ತಂಡ ರಾಣಿಯನ್ನು ತೆಗೆದು, ಬಳಿಕ ಬಂದವಳನ್ನೂ ತೆಗೆದು, ಹೀಗೆಯೇ ಮುಂದುವರಿದಾಗ 5 ಉತ್ತರಾಧಿಕಾರಿಣಿಯರವರೆಗೆ ಒಬ್ಬರ ನಂತರ ಒಬ್ಬರು ಬಂದರು. ಪಟ್ಟಕ್ಕಾಗಿ ಪೈಪೋಟಿ ನಡೆಯಲಿಲ್ಲ. ಇದನ್ನು ಓದಿಯೂ ನಾನು ರ‍್ಯಾಂಕ್ ಪಟ್ಟಿಯನ್ನು ನಂಬಿದ್ದೆ.

ಆಡಳಿತದವರು ಈಗ ವಿಡಿಯೋದಲ್ಲಿ ಒಂದೊಂದು ಕಣಜದ ಜಾಡು ಹಿಡಿಯುವ ಟ್ರ್ಯಾಕಿಂಗ್ ಸಾಫ್ಟ್‌ವೇರ್ ಕೊಳ್ಳಿ ಎನ್ನುತ್ತಿದ್ದಾರೆ. ನಾವು ಪರೀಕ್ಷಿಸಿದ್ದು, ಒಬ್ಬಳ ಮೇಲೊಬ್ಬಳು ಏರಿದ ಕೂಡಲೇ ಇಬ್ಬರ ಗುರುತನ್ನೂ ಅದಲುಬದಲು ಮಾಡಿತು. ಜಗಳವನ್ನು ದಾಖಲಿಸಬೇಕಾದ ಸಾಧನಕ್ಕೆ ಜಗಳವೇ ಕಾಣದಿದ್ದರೆ ಏನು ಪ್ರಯೋಜನ? ಎರಡನೇ ವೀಕ್ಷಕರ ಹುದ್ದೆ ಮಾತ್ರ ಖಾಲಿಯೇ ಉಳಿದಿದೆ. ಒಬ್ಬರು ಫೋಕಲ್ ಮಾಡಬೇಕು, ಇನ್ನೊಬ್ಬರು ಇಡೀ ಗೂಡನ್ನು ನೋಡಬೇಕು. ಇಬ್ಬರು ಸಿಗದ ದಿನ ರಾಣಿಯನ್ನು ಮುಟ್ಟಬಾರದು. ಹೊಸ ಕಾರ್ಯವಿಧಾನದಲ್ಲಿ ಇದನ್ನೇ ಬರೆದು, ಆ ಹುದ್ದೆಯ ಬೇಡಿಕೆಯೊಂದಿಗೆ ಕಚೇರಿಗೆ ಕಳುಹಿಸಿದ್ದೇನೆ.