ದೊಡ್ಡಪ್ಪನ ಡಿಸ್ಚಾರ್ಜ್ ಬುಕ್ಕಿನಲ್ಲಿ ಇಲ್ಲದ ಹದಿನಾಲ್ಕು ತಿಂಗಳು

ಈ ಕೆಲಸ ಹಿಡಿದು ಹತ್ತು ತಿಂಗಳಾಯಿತು. ಭಾನುವಾರ, ಕರೆಂಟ್ ಇದ್ದ ಸಂಜೆ, ತೋಟದ ಕೆಲಸ ಇಲ್ಲದ ದಿನ, ಹೀಗೆ ಬಿಡುವು ಸಿಕ್ಕಾಗೆಲ್ಲ ಮಾಡಿದ್ದು. ನೋಟ್ ಬುಕ್ಕಿನಲ್ಲಿ ಆಗಾಗ ಬರೆದುಕೊಂಡಿದ್ದನ್ನು ಇಲ್ಲಿ ಒಂದು ಕಡೆ ಇಡುತ್ತಿದ್ದೇನೆ. ಮನೆಯಲ್ಲಿ ಇಂಥದೇ ತೊಂದರೆ ಇರುವವರಿಗೆ ಉಪಯೋಗ ಆಗಲಿ ಅಂತ.

ವಿಷಯ ಇಷ್ಟು. ನಮ್ಮ ದೊಡ್ಡಪ್ಪ ಸೈನ್ಯದಲ್ಲಿ ಡ್ರೈವರ್ ಆಗಿದ್ದರು. ತೀರ್ಥಹಳ್ಳಿ ಹತ್ತಿರದ ನಮ್ಮ ಹಳ್ಳಿಯಿಂದ ಹೋಗಿ ಹದಿನೇಳು ವರ್ಷ ಸೇವೆ ಮಾಡಿ ಬಂದವರು. ಅದರಲ್ಲಿ ಹದಿನಾಲ್ಕು ತಿಂಗಳು ಶ್ರೀಲಂಕಾದಲ್ಲಿ ಕಳೆದರು, ಶಾಂತಿಪಾಲನಾ ಪಡೆಯ ಜೊತೆ. ಮನೆಯವರಿಗೆಲ್ಲ ಗೊತ್ತಿರುವ ಮಾತು ಅದು. ಆದರೆ ನಿವೃತ್ತಿಯಾದಾಗ ಸೈನ್ಯದವರು ಕೊಡುವ ಡಿಸ್ಚಾರ್ಜ್ ಬುಕ್ಕಿನಲ್ಲಿ ಹೊರದೇಶದ ಸೇವೆ ಅನ್ನುವ ಕಡೆ 'ನಿಲ್' ಅಂತ ಟೈಪ್ ಮಾಡಿದ್ದಾರೆ.

ಡಿಸೆಂಬರ್

ಶುರುವಾಗಿದ್ದು 7ನೇ ತಾರೀಕಿನ ಧ್ವಜ ದಿನಾಚರಣೆಯಿಂದ. ಊರಿನ ಮಾಜಿ ಸೈನಿಕರನ್ನು ಕರೆದು ಶಾಲು ಹೊದಿಸುವ ಕಾರ್ಯಕ್ರಮ ಇತ್ತು. ಮೊದಲೇ ಒಂದು ಫಾರಂ ಕೊಟ್ಟಿದ್ದರು. ಯಾವ ಕಾರ್ಯಾಚರಣೆಯಲ್ಲಿ ಭಾಗವಹಿಸಿದ್ದೀರಿ ಅಂತ ಒಂದು ಪ್ರಶ್ನೆ. ದೊಡ್ಡಪ್ಪ ಅದನ್ನು ಖಾಲಿ ಬಿಟ್ಟರು. ಯಾಕೆ ಅಂತ ಕೇಳಿದೆ. "ಬುಕ್ಕಲ್ಲಿ ಇಲ್ದೆ ಇರದು ಎಂತಕ್ಕೆ ಬರೀಲಿ ಮಾರಾಯ, ನಾಳೆ ಯಾರಾದ್ರೂ ಕೇಳಿದ್ರೆ ಎಂತ ತೋರಿಸಲಿ?" ಅಂದರು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಹದಿನಾಲ್ಕು ತಿಂಗಳು ಜೀವ ಕೈಯಲ್ಲಿ ಹಿಡಿದು ಗಾಡಿ ಓಡಿಸಿದ ಮನುಷ್ಯ ತನ್ನ ಊರಿನಲ್ಲೇ ಅದನ್ನು ಹೇಳಿಕೊಳ್ಳಲು ಹಿಂಜರಿಯುವ ಹಾಗಾಯಿತಲ್ಲ. ದುಡ್ಡಿನ ಪ್ರಶ್ನೆ ಅಲ್ಲ ಇದು. ಪೆನ್ಷನ್ ಸರಿಯಾಗಿ ಬರುತ್ತಿದೆ.

ಜನವರಿ, ಫೆಬ್ರವರಿ

ಮೊದಲ ಹೆಜ್ಜೆಯೇ ತಪ್ಪಿತು. ದೊಡ್ಡಪ್ಪನ ಸೇವಾ ದಾಖಲೆಯ ಪ್ರತಿ ಬೇಕು ಅಂತ ನನ್ನ ಹೆಸರಿನಲ್ಲೇ ಮಾಹಿತಿ ಹಕ್ಕು ಅರ್ಜಿ ಹಾಕಿಬಿಟ್ಟೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಕಳಿಸಿದೆ. ಬೇರೆಯವರ ವೈಯಕ್ತಿಕ ಮಾಹಿತಿ ಕೊಡಲು ಬರುವುದಿಲ್ಲ ಅಂತ ಉತ್ತರ ಬಂತು. 2005ರ ಕಾಯ್ದೆಯ 8(1)(ಜೆ) ಕಲಂ. ಅವರು ಹೇಳಿದ್ದು ಸರಿಯೇ. ಸೈನಿಕರು ಬದುಕಿದ್ದರೆ ಅರ್ಜಿಯನ್ನು ಅವರೇ ಹಾಕಬೇಕು, ಸಹಿ ಅವರದ್ದೇ ಇರಬೇಕು. ಇದೊಂದು ಗೊತ್ತಿಲ್ಲದೆ ನಾನು ಎರಡು ತಿಂಗಳು ಕಳೆದೆ.

ಮಾರ್ಚ್

ಶಿವಮೊಗ್ಗಕ್ಕೆ ಹೋದಾಗ ಒಬ್ಬ ನಿವೃತ್ತ ಹವಾಲ್ದಾರ್ ಕ್ಲರ್ಕ್ ಪರಿಚಯ ಆದರು. ಪುಣ್ಯಾತ್ಮರು, ಒಂದು ಗಂಟೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಸೈನಿಕನಿಗೆ ಏನೇ ಆಗಲಿ, ರಜೆ, ಬಡ್ತಿ, ಮದುವೆ, ಮಗು, ಆಸ್ಪತ್ರೆ, ವರ್ಗ, ಹಡಗು ಹತ್ತಿದ್ದು, ಇಳಿದಿದ್ದು, ಎಲ್ಲವೂ ಪಾರ್ಟ್ ಟು ಆರ್ಡರಿನಲ್ಲಿ, ಅಂದರೆ ಘಟಕ ಹೊರಡಿಸುವ ಅಧಿಕೃತ ಪ್ರಕಟಣೆಯಲ್ಲಿ, ಪ್ರಕಟ ಆಗಬೇಕು. ಅದನ್ನು ನೋಡಿಕೊಂಡು ರೆಕಾರ್ಡ್ಸ್ ಆಫೀಸಿನವರು ಅವನ ಸೇವಾ ದಾಖಲೆಯಾದ ಶೀಟ್ ರೋಲ್‌ನಲ್ಲಿ ಬರೆಯುತ್ತಾರೆ. ನಿವೃತ್ತಿ ಹೊತ್ತಿಗೆ ಶೀಟ್ ರೋಲ್ ನೋಡಿ ಡಿಸ್ಚಾರ್ಜ್ ಬುಕ್ ತುಂಬುತ್ತಾರೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಮುಂದಿನದೆಲ್ಲ ಖಾಲಿ.

"ಅವರು ತಮ್ಮ ಘಟಕದ ಜೊತೆಗೇ ಹೋಗಿದ್ರಾ, ಅಟ್ಯಾಚ್ ಆಗಿ ಹೋಗಿದ್ರಾ?" ಅಂತ ಕೇಳಿದರು. ಅಟ್ಯಾಚ್ ಆಗಿ ಅಂದೆ. ದೊಡ್ಡಪ್ಪನ ಘಟಕ ಪಂಜಾಬಿನಲ್ಲಿತ್ತು. ಡ್ರೈವರ್‌ಗಳು ಸಾಲದು ಅಂತ ಕೆಲವರನ್ನು ಬೇರೆ ಘಟಕಕ್ಕೆ ಕೊಟ್ಟು ಲಂಕೆಗೆ ಕಳಿಸಿದ್ದರು. "ಹಾಗಾದ್ರೆ ಅಲ್ಲೇ ಹುಡುಕಿ. ಮನುಷ್ಯ ಒಂದು ಕಡೆ, ಕಾಗದ ಇನ್ನೊಂದು ಕಡೆ ಇದ್ದಾಗಲೇ ಇಂಥದು ಆಗೋದು" ಅಂದರು.

ಆ ವಾರವೇ ದೊಡ್ಡಪ್ಪನ ಹೆಸರಿನಲ್ಲಿ ಹೊಸ ಅರ್ಜಿ ಹೋಯಿತು.

ಏಪ್ರಿಲ್

ಶೀಟ್ ರೋಲ್ ಪ್ರತಿ ಬಂತು. ಪೆನ್ಷನ್ ಇಲ್ಲದೆ ಬಂದವರ ಕಡತವನ್ನು 25 ವರ್ಷ ಆದ ಮೇಲೆ ನಾಶ ಮಾಡುತ್ತಾರೆ. ದೊಡ್ಡಪ್ಪ ಪೆನ್ಷನ್‌ದಾರರಾದ್ದರಿಂದ ಉಳಿದಿತ್ತು.

ಲಂಕೆಯ ಮಾತೇ ಇಲ್ಲ. ಆದರೆ 1988ರಲ್ಲಿ ಒಂದು ಸಾಲು ಇದೆ. ಮಲೇರಿಯಾ, ಮದ್ರಾಸಿನ ಮಿಲಿಟರಿ ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಈ ಸಾಲನ್ನು ಎಷ್ಟು ಸಲ ಓದಿದೆನೋ. ದಾಖಲೆ ಪ್ರಕಾರ ಪಂಜಾಬಿನಲ್ಲಿ ಗಾಡಿ ಓಡಿಸುತ್ತಿದ್ದ ಮನುಷ್ಯ, ರಜೆಯಲ್ಲೂ ಇಲ್ಲದವನು, ಮಲೇರಿಯಾ ಜ್ವರಕ್ಕೆ ಮದ್ರಾಸಿನವರೆಗೆ ಯಾಕೆ ಬಂದ? ಲಂಕೆಯಿಂದ ಕಾಯಿಲೆಯವರನ್ನು ವಿಮಾನದಲ್ಲಿ ಅಲ್ಲಿಗೆ ತರುತ್ತಿದ್ದರು. ಅವರದೇ ಕಾಗದದಲ್ಲಿ ಸಿಕ್ಕ ಮೊದಲ ಸುಳಿವು ಇದು.

ಮೇ

ಈ ತಿಂಗಳಿನ ಕೆಲಸ ನನಗೆ ತುಂಬಾ ಇಷ್ಟವಾದದ್ದು.

ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ದೊಡ್ಡಪ್ಪ ಬರೆದ ಒಂದು ಕಾಗದವನ್ನೂ ಎಸೆದಿರಲಿಲ್ಲ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ, ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ, ಬಾಳೆ ನಾರಿನಿಂದ ಕಟ್ಟಿ ಇಟ್ಟಿದ್ದಳು. ನಮ್ಮ ಕಡೆ ಮಳೆಗಾಲದಲ್ಲಿ ಕಾಗದ ಉಳಿಯುವುದು ಕಷ್ಟ. ಬೂಸಲು ಬರುತ್ತೆ, ಇಲ್ಲಾ ಗೆದ್ದಲು ತಿನ್ನುತ್ತೆ. ಹೊಗೆ ತಾಗಿದ್ದರಿಂದ ಇವು ಉಳಿದವು. ಬಿಚ್ಚಿದಾಗ ಕೈಗೆಲ್ಲ ಮಸಿ. ಒಟ್ಟು 23 ಕಾಗದ.

ಎಲ್ಲವೂ ಸೈನಿಕರಿಗೆ ಕೊಡುವ ಉಚಿತ ಕಾಗದಗಳು. ಊರಿನ ಹೆಸರು ಬರೆಯುವ ಹಾಗಿಲ್ಲ. ಆದರೆ 1988ರ ಫೆಬ್ರವರಿಯ ಕಾಗದದಲ್ಲಿ ದೊಡ್ಡಪ್ಪ ಹೀಗೆ ಬರೆದಿದ್ದಾರೆ: "ಅಮ್ಮ, ಹನುಮಂತ ಹಾರಿ ಹೋದ ಊರಿಗೆ ನಾನು ಹಡಗಿನಲ್ಲಿ ಬಂದು ಇಳಿದಿದ್ದೇನೆ. ಇಲ್ಲಿ ಅಡಿಕೆ ಇಲ್ಲ, ಎಲ್ಲ ತಾಳೆಮರ." ಯಾರೋ ಓದಿ ಹೇಳಿದ ತಕ್ಷಣ ಅಜ್ಜಿಗೆ ಅರ್ಥ ಆಗಿತ್ತಂತೆ. ಅವತ್ತಿನಿಂದ ಪ್ರತಿ ಶನಿವಾರ ಹನುಮಂತನಿಗೆ ದೀಪ.

ಈ ಒಂದು ವಾಕ್ಯ ನಮಗೆ ಸಾಕು, ಆಫೀಸಿಗೆ ಸಾಲದು. ಅವರಿಗೆ ಬೇಕಾದ್ದು ಕಾಗದದ ಹೊರಗಡೆ ಇತ್ತು. ಫೀಲ್ಡ್ ಪೋಸ್ಟಾಫೀಸಿನ ದುಂಡು ಮುದ್ರೆ. ಅದರಲ್ಲಿ ಊರು ಇರುವುದಿಲ್ಲ, ಒಂದು ನಂಬರ್ ಮತ್ತು ತಾರೀಕು ಮಾತ್ರ. ಶಿವಮೊಗ್ಗದಲ್ಲಿ ಅಂಚೆಚೀಟಿ ಸಂಗ್ರಹಿಸುವ ಹಿರಿಯರೊಬ್ಬರು ಇದ್ದಾರೆ. ಮಿಲಿಟರಿ ಅಂಚೆಯ ಮುದ್ರೆಗಳೇ ಅವರ ಹವ್ಯಾಸ. ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದರು. ಮಸಿ ಹರಡಿದ ಕಡೆ ದೀಪಕ್ಕೆ ಓರೆಯಾಗಿ ಹಿಡಿದು ಓದಿದರು. 9 ಕಾಗದಗಳ ನಂಬರ್ ಪಂಜಾಬಿನದು. 14 ಕಾಗದಗಳ ನಂಬರ್ ಲಂಕೆಗೆ ಹೋದ ಪಡೆಯದು. ಬೇರೆ ನಂಬರಿನ ಮೊದಲ ಮುದ್ರೆ 1988ರ ಫೆಬ್ರವರಿ, ಕೊನೆಯದು 1989ರ ಏಪ್ರಿಲ್. ದೊಡ್ಡಪ್ಪ ಬಾಯಲ್ಲಿ ಹೇಳುತ್ತಿದ್ದ ಹದಿನಾಲ್ಕು ತಿಂಗಳಿಗೆ ಸರಿಯಾಗಿ ಕೂತಿತು.

ನೀವೂ ಹಳೆ ಕಾಗದ ಇಟ್ಟಿದ್ದರೆ ಒಳಗಿನ ಬರಹದಷ್ಟೇ ಹೊರಗಿನ ಮುದ್ರೆಯನ್ನೂ ಜೋಪಾನ ಮಾಡಿ. ಚೀಟಿ, ಮುದ್ರೆ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಬೇಡಿ.

ಜೂನ್

ಜೊತೆಗಿದ್ದವರ ಹೇಳಿಕೆ ಬೇಕಿತ್ತು. ದೊಡ್ಡಪ್ಪನ ಹಳೆ ಟೆಲಿಫೋನ್ ಪುಸ್ತಕದಲ್ಲಿ ಸೋಮವಾರಪೇಟೆಯ ಒಬ್ಬರ ವಿಳಾಸ ಇತ್ತು. ಒಂದೇ ಕಾನ್ವಾಯ್‌ನಲ್ಲಿ ಇದ್ದವರು. ಫೋನ್ ನಂಬರ್ ಹಳತು. ವಿಳಾಸಕ್ಕೆ ಕಾರ್ಡ್ ಹಾಕಿದೆವು, ಎಂಟು ದಿನಕ್ಕೆ ಅವರ ಮಗ ಫೋನ್ ಮಾಡಿದರು. ಮಳೆಯಲ್ಲೇ ಕಾರು ತೆಗೆದುಕೊಂಡು ಹೊರಟೆವು.

ಇಬ್ಬರೂ ಮೊದಲು ಮಾತೇ ಆಡಲಿಲ್ಲ. ಕಾಫಿ ಕುಡಿದರು. ಆಮೇಲೆ ಅವರು "ಮರಳಿನ ಚೀಲ ನೆನಪುಂಟಾ?" ಅಂದರು. ಅಲ್ಲಿಂದ ಶುರುವಾದ ಮಾತು ಕತ್ತಲಾದರೂ ಮುಗಿಯಲಿಲ್ಲ. ಶಕ್ತಿಮಾನ್ ಟ್ರಕ್ಕಿನಲ್ಲಿ ಡ್ರೈವರ್ ಕಾಲಿನ ಕೆಳಗೆ ಮರಳು ಚೀಲ ಹಾಸುತ್ತಿದ್ದರಂತೆ, ನೆಲಬಾಂಬ್ ಸಿಡಿದರೆ ಕಾಲಾದರೂ ಉಳಿಯಲಿ ಅಂತ. ಚೀಲದ ಎತ್ತರಕ್ಕೆ ಮಂಡಿ ಮೇಲೆ ಬಂದು ಕ್ಲಚ್ ಒತ್ತುವುದೇ ಕಷ್ಟವಂತೆ. ವವುನಿಯಾದಿಂದ ಮೇಲೆ ಆನೆಯಿರವು ದಾಟಿ ಹೋಗುವ ದಾರಿಯಲ್ಲಿ ಹೊಸದಾಗಿ ಅಗೆದ ಮಣ್ಣು ಕಂಡರೆ ಇಡೀ ಸಾಲು ನಿಲ್ಲುತ್ತಿತ್ತು.

ನನಗೆ ಒಂದು ವಿಷಯ ಅವತ್ತು ಹೊಳೆಯಿತು. ನಮ್ಮೂರ ರಸ್ತೆಯಲ್ಲಿ ಕೇಬಲ್‌ಗೆ ಅಂತ ಅಗೆದು ಮುಚ್ಚಿದ ಜಾಗ ಬಂದಾಗೆಲ್ಲ ದೊಡ್ಡಪ್ಪ "ಬಲಕ್ಕೆ ತಗೋ, ಬಲಕ್ಕೆ" ಅನ್ನುತ್ತಾರೆ. ಟೈರಿನ ಚಿಂತೆ ಅಂದುಕೊಂಡಿದ್ದೆ.

ಮಾರನೇ ದಿನ ಇ-ಸ್ಟಾಂಪ್ ಕಾಗದದ ಮೇಲೆ ಪ್ರಮಾಣಪತ್ರ ಮಾಡಿಸಿ ನೋಟರಿ ಸಹಿ ಹಾಕಿಸಿದೆವು.

ಈ ತಲೆಮಾರಿಗೆ ಗೊತ್ತಿಲ್ಲದವರೇ ಜಾಸ್ತಿ ಅನ್ನಿಸಿ ಎರಡು ಸಾಲು ಬರೆಯುತ್ತೇನೆ. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಮಾರನೇ ದಿನದಿಂದಲೇ ನಮ್ಮ ಪಡೆ ಜಾಫ್ನಾ ಕಡೆ ಇಳಿಯಿತು. ಶಾಂತಿ ಕಾಯಲು ಹೋದವರು ಅಕ್ಟೋಬರಿನಲ್ಲಿ ತಮಿಳು ಹುಲಿಗಳ (ಎಲ್ಟಿಟಿಇ) ವಿರುದ್ಧ ಯುದ್ಧಕ್ಕೆ ನಿಲ್ಲಬೇಕಾಯಿತು. ಆಪರೇಷನ್ ಪವನ್ ಅಂದರೆ ಅದೇ. ಕೊನೆಯ ತುಕಡಿ ವಾಪಸ್ ಬಂದಿದ್ದು 1990ರ ಮಾರ್ಚ್ 24ಕ್ಕೆ. ಸುಮಾರು 1,200 ಜನ ವಾಪಸ್ ಬರಲೇ ಇಲ್ಲ. ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಿಕ್ಕಿದ್ದು ಅಲ್ಲಿಯ ಹೋರಾಟಕ್ಕೇ.

ಜುಲೈನಿಂದ ಸೆಪ್ಟೆಂಬರ್

ರೆಕಾರ್ಡ್ಸ್ ಆಫೀಸಿಗೆ ಅರ್ಜಿ ಕಟ್ಟು ಕಳಿಸಿದೆವು. ಆಸ್ಪತ್ರೆಯ ಸಾಲಿಗೆ ಗುರುತು ಹಾಕಿದ ಶೀಟ್ ರೋಲ್ ಪ್ರತಿ, 23 ಕಾಗದಗಳ ಎರಡೂ ಬದಿಯ ಜೆರಾಕ್ಸ್, ಮುದ್ರೆಗಳ ಪಟ್ಟಿ, ಪ್ರಮಾಣಪತ್ರ. ಮೂಲ ಕಾಗದ ಒಂದನ್ನೂ ಕೊಡಲಿಲ್ಲ. ಮೇಲಿನ ಪತ್ರ ಒಂದೇ ಪುಟ. ಅಟ್ಯಾಚ್ ಆಗಿದ್ದ ಘಟಕದ 1988ರ ಪಾರ್ಟ್ ಟು ಆರ್ಡರ್‌ಗಳನ್ನು ದಯವಿಟ್ಟು ನೋಡಿ ಅಂತ ಅದರಲ್ಲಿ ಕೇಳಿದೆವು. ಗೋಳು ಬರೆಯಲಿಲ್ಲ, ಎಲ್ಲಿ ಹುಡುಕಬೇಕು ಅಂತಷ್ಟೇ ಬರೆದೆವು.

ಆಮೇಲೆ ಸುಮ್ನೆ ಕಾಯುವುದು. ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಸಿದೆವು. ದೊಡ್ಡಪ್ಪ ದಿನಾ ಪೋಸ್ಟ್‌ಮನ್ ಬರುವ ಹೊತ್ತಿಗೆ ಜಗಲಿಯಲ್ಲಿ ಇರುತ್ತಿದ್ದರು. ಯಾಕೆ ಅಂತ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ಅಕ್ಟೋಬರ್

ನಿನ್ನೆ ಉತ್ತರ ಬಂತು.

ಸಿಕ್ಕಿದೆ. ಹಡಗಿನಿಂದ ಇಳಿದವರ ಪಟ್ಟಿ 1988ರಲ್ಲೇ ಪಾರ್ಟ್ ಟು ಆರ್ಡರಿನಲ್ಲಿ ಪ್ರಕಟ ಆಗಿತ್ತು. ದೊಡ್ಡಪ್ಪನ ಹೆಸರು ಇದೆ, ಪದವಿ ಇದೆ. ಆರ್ಮಿ ನಂಬರಿನಲ್ಲಿ ಮಾತ್ರ ಎರಡು ಅಂಕಿ ಹಿಂದೆ ಮುಂದೆ ಆಗಿವೆ. ಆ ನಂಬರಿನ ಮನುಷ್ಯ ಅವರ ಘಟಕದಲ್ಲಿ ಯಾರೂ ಇಲ್ಲ. ಹಾಗಾಗಿ ಆ ಸಾಲು ಯಾರ ಶೀಟ್ ರೋಲಿಗೂ ಹೋಗದೆ ಅಲ್ಲೇ ಉಳಿದುಬಿಟ್ಟಿತ್ತು. ನಂಬರ್ ತಿದ್ದಿ ಹೊಸದಾಗಿ ಪ್ರಕಟಿಸಲು ಮೂಲ ಡಿಸ್ಚಾರ್ಜ್ ಬುಕ್ ಕಳಿಸಿ ಅಂದಿದ್ದಾರೆ.

ಜಗಲಿಯಲ್ಲಿ ಕೂತು ಓದಿ ಹೇಳಿದೆ. ತಪ್ಪು ನಂಬರ್ ಓದುತ್ತಿದ್ದಂತೆ ದೊಡ್ಡಪ್ಪ ಕೈ ಎತ್ತಿ ತಡೆದರು. ಎದ್ದು ನಿಂತು ತಮ್ಮ ನಂಬರನ್ನು, ಕೊನೆಯ ಅಕ್ಷರದ ಸಮೇತ, ಒಂದೇ ಉಸಿರಿನಲ್ಲಿ ಹೇಳಿದರು. ದೊಡ್ಡಮ್ಮ ಒಳಗಿಂದ ಬಂದು ಬಾಗಿಲಲ್ಲಿ ನಿಂತರು.

ಇವತ್ತು ಬೆಳಿಗ್ಗೆ ಡಿಸ್ಚಾರ್ಜ್ ಬುಕ್ಕಿನ ಪ್ರತಿ ಪುಟದ ಫೋಟೋ ತೆಗೆದೆ. ತೀರ್ಥಹಳ್ಳಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ಬಂದೆವು. ರಸೀದಿ ದೊಡ್ಡಪ್ಪನ ಜೇಬಿನಲ್ಲೇ ಇದೆ. ಅಜ್ಜಿಯ ಡಬ್ಬ ಮತ್ತೆ ಅಟ್ಟ ಸೇರಿತು. ಅದರಲ್ಲೀಗ ಇರುವುದು 22 ಕಾಗದ. ಹನುಮಂತನ ಊರಿನದನ್ನು ದೊಡ್ಡಪ್ಪ ತಮ್ಮ ತಲೆದಿಂಬಿನ ಹತ್ತಿರ ಇಟ್ಟುಕೊಂಡಿದ್ದಾರೆ.