ಮದ್ದು ಸೊಪ್ಪು ಹೊತ್ತ ಶನಿವಾರ

ಕಕ್ಕಡ ಅಂದರೆ ನಮ್ಮ ಕೊಡಗಿನ ಮಳೆಗಾಲದ ಆಟಿ ತಿಂಗಳು. ಕಳೆದ ವರ್ಷ ಕಕ್ಕಡ ಹದಿನೆಂಟರ ಹಿಂದಿನ ದಿನ, ಅಂದರೆ ಆಗಸ್ಟ್ 2, ಶನಿವಾರವೇ ಬಂದಿತ್ತು. ಶನಿವಾರ ನಮ್ಮ ನೇರ ಮಾರಾಟದ ಗುಂಪಿನ ಹಂಚಿಕೆಯ ದಿನ. ಮಾದಾಪುರದ ಸುತ್ತಿನ ಹನ್ನೊಂದು ಜನ ಬೆಳೆಗಾರರು, ಮಡಿಕೇರಿಯ ನಲವತ್ತು ಮನೆಗಳು. ಏನು ಬೇಕು ಅಂತ ಮನೆಯವರು ಬುಧವಾರ ರಾತ್ರಿಯೊಳಗೆ ವಾಟ್ಸಾಪ್‌ನಲ್ಲಿ ಬರೆಯುತ್ತಾರೆ. ನಾವು ಶುಕ್ರವಾರ ಕೊಯ್ದು, ಶನಿವಾರ ಬೆಳಗ್ಗೆ ನಮ್ಮ ಮನೆ ಜೀಪಿನಲ್ಲಿ ಒಯ್ಯುತ್ತೇವೆ.

ಆ ವಾರದ ಪಟ್ಟಿಯಲ್ಲಿ ಬೆಣ್ಣೆ ಹಣ್ಣು (ಅವಕಾಡೊ), ಕೆಸ, ಕಣಿಲೆ (ಎಳೆ ಬಿದಿರು) ಇತ್ತು. ಎಲ್ಲಕ್ಕಿಂತ ಮೇಲೆ ಮದ್ದು ಸೊಪ್ಪು, 32 ಕಟ್ಟು. ಆಟಿ ಸೊಪ್ಪು ಅಂತಲೂ ಕರೆಯುತ್ತಾರಲ್ಲ, ಅದೇ. ಕಕ್ಕಡದ ಹದಿನೆಂಟನೇ ದಿನ ಆ ಗಿಡದಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಅನ್ನೋದು ನಮ್ಮ ಕಡೆಯ ನಂಬಿಕೆ. ಆಗಸ್ಟ್ 3ಕ್ಕೆ ಎಲೆ, ದಂಟು ಎಲ್ಲ ಕುದಿಸಿ, ಆ ಕಡು ನೇರಳೆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿ ಹಾಕಿ ಪಾಯಸ ಮಾಡಬೇಕು. 4ನೇ ತಾರೀಕು ಸೊಪ್ಪು ತಲುಪಿದರೆ ಏನು ಪ್ರಯೋಜನ?

ಗುರುವಾರ ಸಂಜೆಯ ಗಾಳಿಗೆ ಕರೆಂಟ್ ಹೋಯಿತು. ಶುಕ್ರವಾರ ಬೆಳಗ್ಗೆ ನೆಟ್‌ವರ್ಕೂ ಹೋಯಿತು. ಪುಣ್ಯಕ್ಕೆ ಪಟ್ಟಿಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ಕೊಡೆ ಹಿಡಿದು ಒಂದೊಂದೇ ಮನೆಗೆ ಹೋಗಿ ಓದಿ ಹೇಳಿದೆ.

ಸೊಪ್ಪು ಕೊಡುವುದು ನಮ್ಮ ಪಕ್ಕದ ಮನೆ ಅಕ್ಕ. ಕಾಫಿ ತೋಟದ ಕೆಳಗೆ, ತೋಡಿನ (ಸಣ್ಣ ಹಳ್ಳದ) ಬದಿಯ ನೆರಳಲ್ಲಿ ಅವರ ಮದ್ದು ಗಿಡಗಳು ಸಾಲಾಗಿ ನಿಂತಿವೆ. ಮೊದಲ ಸಲ ಕೇಳಿದಾಗ ಅಕ್ಕನಿಗೆ ಬೇಜಾರೇ ಆಗಿತ್ತು.

"ಮದ್ದು ಸೊಪ್ಪಿಗೆ ಯಾರಾದ್ರೂ ದುಡ್ಡು ತಗೊಳ್ತಾರಾ? ಬೇಕಾದವರು ಬಂದು ಕೊಯ್ಕೊಂಡು ಹೋಗಲಿ."

"ಅವರಿರೋದು ಪೇಟೆಯ ಬಾಡಿಗೆ ಮನೆ ಅಕ್ಕ. ಅವರು ಹೇಗೆ ಬರ್ತಾರೆ?"

ಅಕ್ಕ ಸುಮ್ಮನಾದರು. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ನಮ್ಮಲ್ಲಿ ಬೇಲಿಯಾಚೆ ಸುಮ್ನೆ ಕೊಟ್ಟು ತೆಗೆದುಕೊಳ್ಳುವ ಸೊಪ್ಪು ಅದು. ಆದರೆ ಅದೇ ಸೊಪ್ಪನ್ನು ಹಿಂದಿನ ವರ್ಷ ಒಬ್ಬ ವ್ಯಾಪಾರಿ ಅಕ್ಕನಿಂದ ಕಟ್ಟಿಗೆ 8 ರೂಪಾಯಿ ಕೊಟ್ಟು ಒಯ್ದಿದ್ದ. ಈಗ ನಮ್ಮ ಗುಂಪಿನಲ್ಲಿ ಕಟ್ಟಿಗೆ 30. ಐದು ರೂಪಾಯಿ ಡೀಸೆಲ್‌ಗೆ, ಉಳಿದಿದ್ದು ಅಕ್ಕನಿಗೆ. ದುಡ್ಡು ಬೇಡ ಅಂದವರ ಕೈಗೆ ದುಡ್ಡು ಇಡಬೇಕಾ ಅಂತ ನಾನೂ ಎರಡು ರಾತ್ರಿ ಯೋಚಿಸಿದ್ದೆ. ಇಡಬೇಕು ಅಂತಲೇ ನನ್ನ ತೀರ್ಮಾನ. ಆ ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ತೋಡಿಗೆ ಇಳಿಯುವುದು ಅವರೇ ಅಲ್ವಾ?

ಅಕ್ಕ ಕೊಯ್ಯುವುದನ್ನು ನೋಡಬೇಕು. ಗಿಡ ಕೀಳುವುದಿಲ್ಲ. ಗೆಣ್ಣಿನ ಮೇಲೆ ಕತ್ತಿಯಿಂದ ಒಂದೇ ಏಟು. ಚಿಗುರಲು ಬುಡ ಹಾಗೇ ಇರುತ್ತದೆ. ನಾಲ್ಕೈದು ದಂಟಿಗೊಂದು ತುಂಡನ್ನು ಅಲ್ಲೇ ಒದ್ದೆ ಮಣ್ಣಿಗೆ ಚುಚ್ಚುತ್ತಾರೆ. ಬಾಳೆ ನಾರಿನಲ್ಲಿ ಕಟ್ಟಿ, ಬಾಳೆ ಎಲೆ ಸುತ್ತುತ್ತಾರೆ. ಆ ದಿನ 32ರ ಬದಲು 38 ಕಟ್ಟು ಕೊಟ್ಟರು. "ನೆಟ್‌ವರ್ಕ್ ಹೋದ ಮೇಲೆ ಕೇಳಿದವರು ಇರಬಹುದು."

ಬೆಣ್ಣೆ ಹಣ್ಣಿನದು ಬೇರೆ ಕಥೆ. ಹಿಂದಿನ ವಾರ ಒಬ್ಬರು ಅಮ್ಮ ಹಣ್ಣನ್ನು ವಾಪಸ್ ಕಳಿಸಿದ್ದರು. ಕಲ್ಲಿನ ಹಾಗಿದೆ ಅಂತ. ಬೆಣ್ಣೆ ಹಣ್ಣು ಮರದಲ್ಲಿ ಮೆತ್ತಗಾಗುವುದಿಲ್ಲ, ಕೊಯ್ದು ನಾಲ್ಕೈದು ದಿನ ಇಡಬೇಕು. ಕಿವಿ ಹತ್ತಿರ ಅಲ್ಲಾಡಿಸಿದರೆ ಕೆಲವು ಜಾತಿಯಲ್ಲಿ ಬೀಜ ಗಲಗಲ ಅನ್ನುತ್ತದೆ, ಬಲಿತಿದೆ ಅಂತ ಅರ್ಥ. ಇದನ್ನು ನಾನು ಯಾರಿಗೂ ಹೇಳಿರಲೇ ಇಲ್ಲ. ಇನ್ನು ಕೆಲವು ಹಣ್ಣು ತೊಟ್ಟಿನ ಕಡೆಯಿಂದ ಕಪ್ಪಾಗಿತ್ತು. ತುಂಡು ತೊಟ್ಟು ಬಿಟ್ಟು ಕತ್ತರಿಸುವ ಬದಲು ಕಿತ್ತಿದ್ದು ನಮ್ಮ ತಪ್ಪು.

ಹಣ್ಣು ಕೊಳೆತರೆ ವ್ಯಾಪಾರಿ ಆ ನಷ್ಟ ಸೇರಿಸಿಯೇ ರೇಟು ಇಳಿಸುತ್ತಾನೆ. ಅವನನ್ನು ಬಿಟ್ಟ ಮೇಲೆ ಆ ನಷ್ಟ ಎಲ್ಲಿಗೆ ಹೋಗಬೇಕು? ಬೆಳೆದವರ ತಲೆ ಮೇಲೆ ಮಾತ್ರ ಬಿದ್ದರೆ ನೇರ ಮಾರಾಟ ಅಂತ ಹೆಸರಿಟ್ಟು ಏನು ಬಂತು? ಜಪಾನಿನಲ್ಲಿ 1970ರ ದಶಕದಲ್ಲೇ ಮನೆಮಂದಿ ಗುಂಪು ಕಟ್ಟಿಕೊಂಡು ರೈತರ ಜೊತೆ ನೇರ ಒಪ್ಪಂದ ಮಾಡಿಕೊಂಡಿದ್ದರು. ಬೆಳೆ ಹೆಚ್ಚಾದರೂ ಕಡಿಮೆಯಾದರೂ ಬಂದಷ್ಟನ್ನು ತೆಗೆದುಕೊಳ್ಳುವುದು ಅವರ ಪದ್ಧತಿ. ನಾವೂ ಕೂತು ಮಾತಾಡಿದೆವು. ದಾರಿಯಲ್ಲಿ ಕೆಟ್ಟಿದ್ದಕ್ಕೆ ಅರ್ಧ ಕೊಳ್ಳುವವರದು, ಅರ್ಧ ನಮ್ಮದು ಅಂತ ಆಯಿತು.

ಅದಕ್ಕೆ ಶನಿವಾರವೇ ಪರೀಕ್ಷೆ. ಹಟ್ಟಿಹೊಳೆ ಹತ್ತಿರ ಮರ ಬಿದ್ದಿತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಹೋದ ರಸ್ತೆ ಅದು. ಮಳೆ ಜೋರಾದರೆ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಭಾವ ಜೀಪು ತಿರುಗಿಸಿದರು. ಸುಂಟಿಕೊಪ್ಪದ ಮೇಲೆ ಸುತ್ತಿ ಮಡಿಕೇರಿ ಸೇರುವಾಗ ಮಧ್ಯಾಹ್ನ ಎರಡು ಗಂಟೆ. ಹನ್ನೊಂದಕ್ಕೆ ಬರುತ್ತೇವೆ ಅಂದಿದ್ದೆವು, ತಡ ಆಗುತ್ತೆ ಅಂತ ತಿಳಿಸಲೂ ಆಗಿರಲಿಲ್ಲ.

ನಾವು ಹಂಚುವ ಮನೆಯ ಕಾರ್ ಶೆಡ್ಡಿನಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ ನಿಂತೇ ಇದ್ದರು. ಒಬ್ಬರು ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಹಣ್ಣು ಹಿಂದೆ ಕಳಿಸಿದ್ದ ಅಮ್ಮನೇ ಪೆಟ್ಟಿಗೆ ಬಿಚ್ಚಿ, ಜಜ್ಜಿದ ಹಣ್ಣನ್ನು ಬೇರೆ ಮಾಡಿ, ಅದರಲ್ಲಿ ಎರಡನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. "ಅರ್ಧ ನಮ್ಮದು ಅಲ್ವಾಮ್ಮ?" ಅಕ್ಕನ ಹೆಚ್ಚುವರಿ ಆರು ಕಟ್ಟೂ ಖರ್ಚಾಯಿತು.

ಭಾನುವಾರ ರಾತ್ರಿ ನೆಟ್‌ವರ್ಕ್ ಬಂತು. ಸಾಲು ಸಾಲು ಫೋಟೋ, ಎಲ್ಲದರಲ್ಲೂ ನೇರಳೆ ಪಾಯಸ. ಬೆಳಗ್ಗೆ ಅಕ್ಕನಿಗೆ 950 ರೂಪಾಯಿ ಕೊಟ್ಟು ಫೋನ್ ತೋರಿಸಿದೆ. ದುಡ್ಡನ್ನು ಎಣಿಸದೆ ಸೆರಗಿನ ತುದಿಗೆ ಕಟ್ಟಿಕೊಂಡರು. ಫೋಟೋಗಳನ್ನು ಮಾತ್ರ ಒಂದೊಂದಾಗಿ ನೋಡಿದರು. ಒಂದರ ಹತ್ತಿರ ಬೆರಳು ನಿಂತಿತು.

"ಇದು ಯಾರ ಮನೆಯದು? ಬಣ್ಣ ಚೆನ್ನಾಗಿ ಬಿಟ್ಟಿದೆ. ಮೇಲೆ ತುಪ್ಪ ಹಾಕಿಲ್ಲ ನೋಡು. ಮುಂದಿನ ಸಲ ಹೇಳು ಅವರಿಗೆ."